ಮೈಕ್ ಆಫ್ ಮಾಡಿ, ಬ್ಯಾಂಡ್ ಕೇಳಿ

(ಡಿಸೆಂಬರಿನ ಒಂದು ಭಾನುವಾರ ಸಂಜೆ ಮೈಸೂರಿನಲ್ಲಿ, ಗೆಳೆಯರೊಬ್ಬರ ಮನೆಯ ಅಂಗಳದಲ್ಲಿ ಆಡಿದ ಮಾತು. ನೆನಪಿದ್ದಷ್ಟನ್ನು ಬರೆದಿದ್ದೇನೆ. ನಡುನಡುವೆ ಯುಫೋನಿಯಂ ಅನ್ನುವ, ಕೆಳಗಿನ ಸ್ವರದ ದೊಡ್ಡ ಹಿತ್ತಾಳೆ ವಾದ್ಯವನ್ನು ಊದಿ ತೋರಿಸಿದ್ದೆ. ಅದನ್ನು ಬರೆಯಲು ಆಗುವುದಿಲ್ಲ, ಬಿಟ್ಟುಬಿಡಿ.)

ಎಲ್ಲರಿಗೂ ನಮಸ್ಕಾರ. ಮೊದಲೇ ಒಂದು ಕ್ಷಮೆ ಕೇಳಿಬಿಡುತ್ತೇನೆ. ಪಾಪ, ಮನೆಯವರು ನನಗೋಸ್ಕರ ಎಲ್ಲಿಂದಲೋ ಮೈಕ್ ಸೆಟ್ ತರಿಸಿದ್ದರು. ನಾನು ಬೇಡ ಅಂದೆ. ಅವರಿಗೆ ಸ್ವಲ್ಪ ಬೇಜಾರಾಯಿತು ಅಂತ ಕಾಣುತ್ತದೆ. ನಲವತ್ತು ಜನ ಕೂತಿರುವ ಅಂಗಳ ಇದು, ಮೂರು ಕಡೆ ಗೋಡೆ ಇದೆ, ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಕೂಗಿದ ಗಂಟಲು ನನ್ನದು. ಹಿಂದಿನ ಸಾಲಿಗೆ ಕೇಳಿಸುತ್ತಿದೆ ಅಲ್ವಾ? ಸರಿ. ಇವತ್ತು ನಾನು ಹೇಳಬೇಕಾದ್ದು ಹೆಚ್ಚು ಕಡಿಮೆ ಇಷ್ಟೇ. ಉಳಿದ ಮುಕ್ಕಾಲು ಗಂಟೆ ಯಾಕೆ ಅನ್ನುವುದನ್ನು ಹೇಳುತ್ತೇನೆ.

ನಮ್ಮಪ್ಪ ಮಂಡ್ಯದ ಕಡೆಯ ಒಂದು ಬ್ಯಾಂಡ್ ಸೆಟ್ಟಿನಲ್ಲಿ ಯುಫೋನಿಯಂ ಊದುತ್ತಿದ್ದರು. ಇದೇ, ನನ್ನ ಪಕ್ಕದಲ್ಲಿದೆಯಲ್ಲ, ಇದೇ ವಾದ್ಯ. ಮೀರತ್ತಿನ ಮಾಲು. ನಮ್ಮ ದೇಶದ ಮದುವೆ ಬ್ಯಾಂಡಿನ ಹಿತ್ತಾಳೆ ವಾದ್ಯಗಳಿಗೆ ಮೀರತ್ತಿನ ಜಲಿ ಕೋಠಿ ಬಡಾವಣೆಯೇ ತವರು. ಎರಡು ಕಡೆ ತಗ್ಗು ಬಿದ್ದಿದೆ, ಒಂದು ಕಡೆ ಬೆಸುಗೆ ಹಾಕಿಸಿದ್ದಾರೆ. ಮದುವೆ, ಊರಹಬ್ಬ, ದೇವರ ಮೆರವಣಿಗೆ, ವಯಸ್ಸಾಗಿ ಹೋದವರ ಕೊನೆಯ ಯಾತ್ರೆ, ಎಲ್ಲಕ್ಕೂ ಇದೇ. ಅಪ್ಪ ಒಂದು ಮಾತು ಹೇಳುತ್ತಿದ್ದರು, ವೀಣೆ ಒಳಮನೆಯದು, ಓಲಗ ಬೀದಿಯದು, ನಮ್ದೂ ಬೀದೀದು ಅಂತ. ಅದರಲ್ಲಿ ಕೀಳರಿಮೆ ಇರಲಿಲ್ಲ. ಅದು ಅವರ ಉದ್ಯೋಗದ ವಿವರಣೆ.

ಯೋಚನೆ ಮಾಡಿ. ವೀಣೆಯನ್ನು ರಸ್ತೆಗೆ ತಂದರೆ ಸೊಳ್ಳೆಯ ಸದ್ದಿಗೂ ಸೋಲುತ್ತದೆ. ನಾಗಸ್ವರವನ್ನು ಸಣ್ಣ ಕೋಣೆಯಲ್ಲಿ ಊದಿದರೆ ಕಿವಿ ಮುಚ್ಚಿಕೊಳ್ಳಬೇಕು. ಬಯಲಲ್ಲಿ ದೂರ ಎರಡು ಪಟ್ಟು ಆದಾಗೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತಾ ಹೋಗುತ್ತದೆ. ಒಳಗಾದರೆ ಗೋಡೆ, ಛಾವಣಿ ಸದ್ದನ್ನು ವಾಪಸ್ ಕೊಡುತ್ತವೆ. ಹೊರಗೆ ಕೊಟ್ಟಿದ್ದು ಕೊಟ್ಟ ಹಾಗೆ, ಸಾಲ ಕೊಟ್ಟ ದುಡ್ಡಿನಂತೆ. ಅದಕ್ಕೇ ಬಯಲಿಗೆ ಅಂತಲೇ ಕೆಲವು ವಾದ್ಯಗಳು ಹುಟ್ಟಿಕೊಂಡಿವೆ. ನಮ್ಮಲ್ಲಿ ನಾಗಸ್ವರ, ತಮಟೆ, ನಗಾರಿ, ಡೊಳ್ಳು. ಯುರೋಪಿನವರಲ್ಲಿ ಹಿತ್ತಾಳೆ ಬ್ಯಾಂಡು.

ಹಿತ್ತಾಳೆ ಬ್ಯಾಂಡಿನ ಕಥೆ ಬಹಳ ಹಳೆಯದೇನಲ್ಲ. ಹಳೇ ಕಾಲದ ಕಹಳೆಯಲ್ಲಿ ಎಲ್ಲ ಸ್ವರಗಳೂ ಬರುತ್ತಿರಲಿಲ್ಲ. ನಮ್ಮ ಕೊಂಬು ಕಹಳೆ ಹೇಗೋ ಹಾಗೆ, ನಾಲ್ಕೈದು ಸ್ವರ ಹಿಡಿದು ಕೂಗುವುದು ಅಷ್ಟೇ. ಜರ್ಮನಿಯಲ್ಲಿ ಸ್ಟೋಲ್ಜೆಲ್, ಬ್ಲೂಮೆಲ್ ಅನ್ನುವ ಇಬ್ಬರು ವಾಲ್ವ್ ಕಂಡುಹಿಡಿದು 1818ರಲ್ಲಿ ಪೇಟೆಂಟ್ ತೆಗೆದುಕೊಂಡರು. ಕೊಳವೆಗೆ ಇನ್ನೊಂದಿಷ್ಟು ಕೊಳವೆ ಜೋಡಿಸುವ ಗುಂಡಿ, ಅಷ್ಟೇ. ಅದಾದ ಮೇಲೆ ಮೂರು ಬೆರಳಿದ್ದರೆ ಸಾಕು, ಎಲ್ಲ ಸ್ವರವೂ ಬಂತು. ತಮಾಷೆ ಏನು ಅಂದರೆ ಅದೇ 1818ರ ಕ್ರಿಸ್‌ಮಸ್ ಹಿಂದಿನ ರಾತ್ರಿ, ಆಸ್ಟ್ರಿಯಾದ ಓಬರ್ನ್‌ಡಾರ್ಫ್ ಅನ್ನುವ ಸಣ್ಣ ಊರಿನ ಚರ್ಚಿನಲ್ಲಿ ‘ಸೈಲೆಂಟ್ ನೈಟ್’ ಹಾಡನ್ನು ಮೊದಲ ಸಲ ಹಾಡಿದರು. ಒಂದಕ್ಕೊಂದು ಸಂಬಂಧವಿಲ್ಲ. ಆದರೆ ಇವತ್ತು ಡಿಸೆಂಬರಿನಲ್ಲಿ ಲೋಕದ ಎಷ್ಟೋ ಬೀದಿಗಳಲ್ಲಿ ಆ ಹಾಡು ಆ ವಾಲ್ವಿನ ಮೂಲಕವೇ ಹೊರಗೆ ಬರುತ್ತದೆ.

ವಾಲ್ವ್ ಬಂದಿದ್ದೇ ತಡ, ಇಂಗ್ಲೆಂಡಿನ ಗಿರಣಿ ಊರುಗಳಲ್ಲಿ, ಗಣಿ ಊರುಗಳಲ್ಲಿ ಕೂಲಿಗಾರರ ಬ್ಯಾಂಡುಗಳು ಎದ್ದವು. ಬ್ಲ್ಯಾಕ್ ಡೈಕ್ ಗಿರಣಿಯ ಬ್ಯಾಂಡ್ 1855ರದು, ಈಗಲೂ ಇದೆ. ಅವರದೊಂದು ಜಾಣ ಉಪಾಯ ನನಗೆ ಬಹಳ ಇಷ್ಟ. ಸಣ್ಣ ಟ್ರಂಪೆಟ್ಟಿನಂಥ ಕಾರ್ನೆಟ್ಟಿನಿಂದ ಹಿಡಿದು ದೊಡ್ಡ ಬೇಸ್‌ವರೆಗೆ ಹೆಚ್ಚುಕಡಿಮೆ ಎಲ್ಲ ವಾದ್ಯಕ್ಕೂ ಒಂದೇ ಥರ ಸ್ವರ ಬರೆಯುತ್ತಾರೆ, ಬೆರಳಿನ ಲೆಕ್ಕವೂ ಒಂದೇ. ಹೀಗಾಗಿ ಬೇಸ್ ಊದುವವನು ಕಾಯಿಲೆ ಬಿದ್ದರೆ ಕಾರ್ನೆಟ್ಟಿನ ಹುಡುಗ ಹೋಗಿ ಆ ಕುರ್ಚಿಯಲ್ಲಿ ಕೂರಬಹುದು. ಪಾಳಿ ಕೆಲಸದವರಿಗೆ ಹೇಳಿ ಮಾಡಿಸಿದ ವ್ಯವಸ್ಥೆ. ಅವರಲ್ಲಿ ಸ್ಯಾಡಲ್‌ವರ್ತ್ ಕಡೆಯ ಹಳ್ಳಿಗಳಲ್ಲಿ ಪ್ರತಿ ಬೇಸಿಗೆ ಒಂದು ಶುಕ್ರವಾರ ಬ್ಯಾಂಡಿನ ಪಂದ್ಯ ನಡೆಯುತ್ತದೆ. 1884ರಿಂದ ಬಂದ ಪದ್ಧತಿ. ಬ್ಯಾಂಡಿನವರು ಬಸ್ಸು ಮಾಡಿಕೊಂಡು ಹಳ್ಳಿಯಿಂದ ಹಳ್ಳಿಗೆ ಓಡುತ್ತಾರೆ, ಬೀದಿಯಲ್ಲಿ ಊದುತ್ತಾ ನಡೆಯುತ್ತಾರೆ, ಜನ ರಸ್ತೆ ಬದಿ ನಿಂತು ಪುಕ್ಕಟೆ ಕೇಳುತ್ತಾರೆ. ತೀರ್ಪುಗಾರ ಮಾತ್ರ ಪರದೆ ಎಳೆದ ಗಾಡಿಯೊಳಗೆ ಕೂತಿರುತ್ತಾನೆ, ಯಾವ ಬ್ಯಾಂಡು ಅಂತ ಅವನಿಗೆ ಗೊತ್ತಾಗಬಾರದು. ನಮ್ಮ ಕಡೆಯ ಭಜನೆ ಸ್ಪರ್ಧೆಗಳಿಗೂ ಇಂಥದ್ದೊಂದು ಗಾಡಿ ಬೇಕು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. (ಇಲ್ಲಿ ಇಬ್ಬರು ಜೋರಾಗಿ ನಕ್ಕರು. ಸ್ಪರ್ಧೆಯಲ್ಲಿ ಸೋತವರು ಇರಬೇಕು.)

ಕ್ರಿಸ್‌ಮಸ್ ಮತ್ತು ಹಿತ್ತಾಳೆ ಬ್ಯಾಂಡಿಗೆ ಗಂಟು ಬಿದ್ದಿದ್ದರಲ್ಲಿ ಸಾಲ್ವೇಶನ್ ಆರ್ಮಿ ಅನ್ನುವ ಇಂಗ್ಲೆಂಡಿನ ಕ್ರೈಸ್ತ ಸೇವಾ ಸಂಸ್ಥೆಯ ಪಾಲು ದೊಡ್ಡದು. ಅವರ ಬ್ಯಾಂಡು ಶುರುವಾಗಿದ್ದು ಭಕ್ತಿಯಿಂದ ಅಲ್ಲ, ಗಲಾಟೆಯಿಂದ. 1878ರಲ್ಲಿ ಸಾಲಿಸ್‌ಬರಿ ಊರಿನಲ್ಲಿ ಅವರು ಬೀದಿಯಲ್ಲಿ ಬೋಧನೆ ಮಾಡುತ್ತಿದ್ದಾಗ ಪುಂಡರು ಬಂದು ಕೂಗಾಡುತ್ತಿದ್ದರು. ಚಾರ್ಲ್ಸ್ ಫ್ರೈ ಅನ್ನುವ ಮನೆ ಕಟ್ಟುವ ಮೇಸ್ತ್ರಿ, ತನ್ನ ಮೂವರು ಗಂಡುಮಕ್ಕಳ ಜೊತೆ ಕಾವಲಿಗೆ ಬಂದ. ಬರುವಾಗ ಹಿತ್ತಾಳೆ ವಾದ್ಯಗಳನ್ನೂ ತಂದ. ಊದಿದರು. ಕೂಗಾಟ ಮುಳುಗಿಹೋಯಿತು. ಅಲ್ಲಿಂದ ಮುಂದೆ ಅವರ ಬ್ಯಾಂಡು ಎಲ್ಲ ಕಡೆ ಹಬ್ಬಿತು, ಚಳಿಗಾಲದ ಬೀದಿಯಲ್ಲಿ ಕ್ಯಾರಲ್, ಅಂದರೆ ಕ್ರಿಸ್‌ಮಸ್ ಹಾಡು, ಊದುವುದು ಒಂದು ವಾಡಿಕೆಯೇ ಆಗಿಹೋಯಿತು.

ಇನ್ನು ಹಾಡುವವರು. ಗುಂಪಿನಲ್ಲಿ ಹಾಡುವ ಕಾಯಿರ್ ಇದೆಯಲ್ಲ, ಅದು ಮೂಲದಲ್ಲಿ ಕಲ್ಲು ಕಟ್ಟಡದ ಕೂಸು. ನಮ್ಮ ಫಿಲೋಮಿನಾ ಚರ್ಚಿಗೆ ಹೋಗಿ ನೋಡಿ. 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದ ಕಟ್ಟಡ, ಗೋಪುರ 175 ಅಡಿ. ಒಳಗೆ ಒಂದು ಕೆಮ್ಮು ಕೆಮ್ಮಿದರೂ ಅದು ಸ್ವಲ್ಪ ಹೊತ್ತು ಅಲ್ಲೇ ಓಡಾಡಿಕೊಂಡಿರುತ್ತದೆ. ಅಂಥ ಜಾಗದಲ್ಲಿ ಹತ್ತು ಜನ ಹಾಡಿದರೂ ನಲವತ್ತು ಜನ ಹಾಡಿದಂತೆ ಕೇಳುತ್ತದೆ, ಒಬ್ಬರ ದನಿ ಇನ್ನೊಬ್ಬರಿಗೆ ಗೋಡೆಯಿಂದ ವಾಪಸ್ ಬಂದು ಕೇಳುತ್ತದೆ. ಅದೇ ಹತ್ತು ಜನರನ್ನು ಮೈದಾನಕ್ಕೆ ತನ್ನಿ. ಪ್ರತಿಯೊಬ್ಬರಿಗೂ ತಾನೊಬ್ಬನೇ ಹಾಡುತ್ತಿದ್ದೇನೆ ಅನ್ನಿಸುತ್ತದೆ. ಗಾಬರಿಯಾಗಿ ಜೋರಾಗಿ ಹಾಡುತ್ತಾರೆ. ಜೋರಾಗಿ ಹಾಡಿದಾಗ ಶ್ರುತಿ ಹೋಗುತ್ತದೆ. ಆಗ ಯಾರೋ ಒಬ್ಬರು ಹೇಳುತ್ತಾರೆ, ಮೈಕ್ ಹಾಕ್ಸಿಬಿಡೋಣ.

ಇಲ್ಲಿಂದ ಶುರುವಾಗುತ್ತದೆ ನೋಡಿ ತೊಂದರೆ.

ನಾನೇ ಅನುಭವಿಸಿದ್ದು ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಪಕ್ಕದ ಒಂದು ಚರ್ಚಿನ ಹುಡುಗರು ಮೈದಾನದಲ್ಲಿ ಕ್ಯಾರಲ್ ಹಾಡುವ ಕಾರ್ಯಕ್ರಮ ಇಟ್ಟುಕೊಂಡರು. ಬೇಸ್ ಊದುವುದಕ್ಕೆ ಯಾರೂ ಇರಲಿಲ್ಲ, ಅಂಕಲ್ ನೀವು ಬನ್ನಿ ಅಂದರು. ಖುಷಿಯಿಂದ ಹೋದೆ. ಎರಡು ಟ್ರಂಪೆಟ್, ಒಂದು ಟ್ರಾಂಬೋನ್, ನಾನು, ಇಪ್ಪತ್ತು ಜನ ಹಾಡುವವರು. ಜೊತೆಗೆ ಒಂದು ಕೀಬೋರ್ಡು, ನಾಲ್ಕು ದೊಡ್ಡ ಸ್ಪೀಕರು. ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಅಭ್ಯಾಸ ಮಾಡಿದಾಗ ಎಲ್ಲ ಸರಿಯಾಗಿತ್ತು. ರಾತ್ರಿ ಎಂಟು ಗಂಟೆಗೆ ಬಯಲಲ್ಲಿ ಊದಿದರೆ ಕೀಬೋರ್ಡು ಒಂದು ಊರು, ನಾವು ಇನ್ನೊಂದು ಊರು.

ಯಾಕೆ ಅಂತ ಆಮೇಲೆ ನನಗೇ ನಾಚಿಕೆಯಾಯಿತು, ಮೂವತ್ತು ವರ್ಷ ಅದನ್ನೇ ಪಾಠ ಮಾಡಿದವನು ನಾನು. ಗಾಳಿ ತಣ್ಣಗಾದರೆ ಅದರಲ್ಲಿ ಶಬ್ದದ ವೇಗ ಕಡಿಮೆಯಾಗುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು 0.6 ಮೀಟರ್. ಊದುವ ವಾದ್ಯದ ಶ್ರುತಿ ಅದರೊಳಗಿನ ಗಾಳಿಯ ಮೇಲೆ ನಿಂತಿದೆ. ಕೊಳವೆಯೊಳಗಿನ ಗಾಳಿ ಹತ್ತು ಡಿಗ್ರಿ ತಣ್ಣಗಾದರೆ ಅರ್ಧ ಸ್ವರದ ಮೂರನೇ ಒಂದು ಭಾಗದಷ್ಟು ಶ್ರುತಿ ಇಳಿಯುತ್ತದೆ. ಊದುತ್ತಾ ಊದುತ್ತಾ ಉಸಿರಿನ ಬಿಸಿಗೆ ಮೇಲೇರುತ್ತದೆ, ಎರಡು ನಿಮಿಷ ಸುಮ್ನೆ ಕೂತರೆ ಮತ್ತೆ ಕೆಳಗೆ. ಮನುಷ್ಯರು ಇದಕ್ಕೆ ಹೊಂದಿಕೊಳ್ಳುತ್ತಾರೆ. ಬ್ಯಾಂಡು ಇಳಿದರೆ ಹಾಡುವವರೂ ಗೊತ್ತಿಲ್ಲದೆ ಜೊತೆಗೆ ಇಳಿಯುತ್ತಾರೆ, ಕೇಳುವವರಿಗೆ ತಿಳಿಯುವುದೂ ಇಲ್ಲ. ಕೀಬೋರ್ಡಿಗೆ ಚಳಿ ಆಗಲ್ಲ. ಅದು ತಾನು ಹುಟ್ಟಿದ ಕಾರ್ಖಾನೆಯಲ್ಲಿ ಹೇಳಿಕೊಟ್ಟ ಶ್ರುತಿಯಲ್ಲೇ ನಿಂತಿರುತ್ತದೆ. ಅದರ ಮೇಲೆ ಆ ನಾಲ್ಕು ಸ್ಪೀಕರು. ನನ್ನ ಪಕ್ಕ ನಿಂತ ಟ್ರಾಂಬೋನು ನನಗೆ ಕೇಳಿಸುತ್ತಿಲ್ಲ, ಮೈದಾನದ ಆ ತುದಿಯ ಸ್ಪೀಕರಿನಿಂದ ನನ್ನದೇ ಸ್ವರ ತಡವಾಗಿ ಬಂದು ನನ್ನನ್ನೇ ಬೆನ್ನಟ್ಟುತ್ತಿದೆ. ಶಬ್ದ ಸೆಕೆಂಡಿಗೆ 340 ಮೀಟರ್ ಓಡುತ್ತದೆ. ಅಂದರೆ 34 ಮೀಟರಿಗೆ ಸೆಕೆಂಡಿನ ಹತ್ತನೇ ಒಂದು ಭಾಗ. ಕಮ್ಮಿ ಅನ್ನಿಸುತ್ತದೆ ಅಲ್ವಾ? ನಡಿಗೆಯ ತಾಳದಲ್ಲಿ ನಿಮಿಷಕ್ಕೆ 120 ಪೆಟ್ಟು. ಸೆಕೆಂಡಿನ ಹತ್ತನೇ ಭಾಗ ಅಂದರೆ ಒಂದು ಪೆಟ್ಟಿನ ಐದನೇ ಒಂದು ಭಾಗ. ಮೃದಂಗದವರು ಒಂದು ಪೆಟ್ಟಿನಲ್ಲಿ ಐದನೇ ಒಂದು ಭಾಗ ತಪ್ಪಿದರೆ ಎದ್ದು ಹೋಗುತ್ತೀರಿ ನೀವು.

ಇದಕ್ಕೇ ದೊಡ್ಡ ಬ್ಯಾಂಡಿನವರು ಕಿವಿಯಿಂದ ತಾಳ ಹಿಡಿಯುವುದಿಲ್ಲ, ಕಣ್ಣಿನಿಂದ ಹಿಡಿಯುತ್ತಾರೆ. ದಸರಾ ಸಮಯದಲ್ಲಿ ಅರಮನೆ ಮುಂದೆ ಪೊಲೀಸ್ ಸಮೂಹ ವಾದ್ಯಮೇಳ ನಡೆಯುತ್ತದಲ್ಲ, ಹೋಗಿದ್ದೀರಾ? ಅರ್ಧ ಜನ ಕೈ ಎತ್ತಿದ್ದೀರಿ, ಸಂತೋಷ. ರಾಜ್ಯದ ಬೇರೆ ಬೇರೆ ಪೊಲೀಸ್ ಪಡೆಗಳ ಬ್ಯಾಂಡಿನವರು, ನೂರಾರು ಜನ, ಒಂದೇ ಸಲ ನುಡಿಸುತ್ತಾರೆ. ಹಿಂದೆ ಅರಮನೆಯ ಸುಮಾರು 1 ಲಕ್ಷ ಬಲ್ಬು. ಎಲ್ಲರೂ ಬಲ್ಬು ನೋಡುತ್ತಾರೆ. ಮುಂದಿನ ಸಲ ಹೋದಾಗ ಕೊನೆಯ ಸಾಲಿನಲ್ಲಿರುವ ವಾದಕರ ಕಣ್ಣು ನೋಡಿ. ಅದು ನಿರ್ವಾಹಕರ ಕೈ ಬಿಟ್ಟು ಅಲ್ಲಾಡುವುದಿಲ್ಲ. ಮುಂದಿನ ಸಾಲಿನ ಡ್ರಮ್ ಕೇಳಿಕೊಂಡು ಊದಿದರೆ ಅವರು ತಡವಾದರು ಅಂತಲೇ ಲೆಕ್ಕ. ಕಿವಿಗೆ ಬರುವುದು ಹಳೇ ಸುದ್ದಿ, ಕಣ್ಣಿಗೆ ಬರುವುದು ತಾಜಾ ಸುದ್ದಿ. ಜಂಬೂಸವಾರಿಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ 5 ಕಿಲೋಮೀಟರ್ ನಡೆಯುತ್ತಾ ಊದುವವರ ಕಷ್ಟ ಇನ್ನೂ ಬೇರೆ. ತುಟಿ, ಕಾಲು, ಕಣ್ಣು ಮೂರನ್ನೂ ಒಟ್ಟಿಗೆ ಕಾಯಬೇಕು, ಮುಂದೆ ಕುದುರೆ ಏನು ಮಾಡಿ ಹೋಗಿದೆ ಅಂತಲೂ ನೋಡಿಕೊಳ್ಳಬೇಕು.

ಮೈಸೂರಿಗೂ ಬ್ಯಾಂಡಿಗೂ ಇರುವ ನಂಟಿನ ಬಗ್ಗೆ ಸ್ವಲ್ಪ ಹೇಳಲೇಬೇಕು, ಯಾಕೆಂದರೆ ಇದು ನಮಗೆ ಪರದೇಶದ ಸಾಮಾನು ಅಂತ ಅಂದುಕೊಂಡವರು ಜಾಸ್ತಿ ಇದ್ದಾರೆ. ಅರಮನೆಯಲ್ಲಿ ಒಂದು ಇಂಗ್ಲಿಷ್ ಬ್ಯಾಂಡ್, ಒಂದು ಕರ್ನಾಟಕ ಸಂಗೀತದ ಬ್ಯಾಂಡ್, ಎರಡೂ ಇದ್ದವು. ಇವತ್ತಿನ ಪೊಲೀಸ್ ಬ್ಯಾಂಡಿನಲ್ಲಿಯೂ ಆ ಎರಡು ಕವಲು ಉಳಿದುಕೊಂಡಿವೆ. ನಾಲ್ವಡಿಯವರ ಕಾಲದಲ್ಲಿ ಆಟ್ಟೋ ಸ್ಮಿತ್ ಅನ್ನುವ ಜರ್ಮನ್ ಸಂಗೀತಗಾರ ಇಲ್ಲಿ ಪಾಶ್ಚಾತ್ಯ ವಾದ್ಯವೃಂದ ನಡೆಸುತ್ತಿದ್ದರು. ಬಸವಪ್ಪ ಶಾಸ್ತ್ರಿಗಳು ಬರೆದ ‘ಕಾಯೌ ಶ್ರೀ ಗೌರಿ’ ಮೈಸೂರು ಸಂಸ್ಥಾನದ ಗೀತೆ. ಅದನ್ನು ಬ್ಯಾಂಡಿನಲ್ಲಿ ಕೇಳಿದವರಿಗೆ ಗೊತ್ತು, ಕ್ಲಾರಿನೆಟ್ಟಿನಲ್ಲಿ ಅದು ಶಂಕರಾಭರಣವೂ ಹೌದು, ಮಾರ್ಚೂ ಹೌದು. ಕದ್ರಿ ಗೋಪಾಲನಾಥರು ಹುಡುಗನಾಗಿದ್ದಾಗ ಸ್ಯಾಕ್ಸೊಫೋನಿಗೆ ಮನಸೋತಿದ್ದು ಮೈಸೂರು ಅರಮನೆ ಬ್ಯಾಂಡಿನವರು ಅದನ್ನು ನುಡಿಸಿದ್ದನ್ನು ಕೇಳಿ. ಅವರ ಮನೆಯಲ್ಲಿ ನಾಗಸ್ವರ ಇತ್ತು, ತಂದೆ ನಾಗಸ್ವರ ವಿದ್ವಾಂಸರು. ಬಯಲಿನ ಒಂದು ವಾದ್ಯದ ಮನೆಯ ಹುಡುಗ ಬಯಲಿನ ಇನ್ನೊಂದು ವಾದ್ಯವನ್ನು ಗುರುತು ಹಿಡಿದ ಅಂತ ನಾನು ಅಂದುಕೊಳ್ಳುತ್ತೇನೆ. ಆಮೇಲೆ 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು.

ಇನ್ನೂ ಹಿಂದೆ ಹೋದರೆ ಮುತ್ತುಸ್ವಾಮಿ ದೀಕ್ಷಿತರು. ಮದ್ರಾಸಿನ ಹತ್ತಿರ ಮಣಲಿಯಲ್ಲಿದ್ದಾಗ ಕೋಟೆಯ ಇಂಗ್ಲಿಷ್ ಬ್ಯಾಂಡ್ ಕೇಳಿದರು. ಕೇಳಿ ಸುಮ್ಮನಿರಲಿಲ್ಲ, ಆ ಧಾಟಿಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯ ಕಟ್ಟಿದರು. ಸುಮಾರು 40 ಇವೆ, ನೊಟ್ಟುಸ್ವರ ಅನ್ನುತ್ತೇವೆ. ಬ್ರಿಟಿಷ್ ರಾಜನ ಗೀತೆಯ ಧಾಟಿಯೂ ಅದರಲ್ಲಿ ದೇವಿಯ ಸ್ತುತಿಯಾಗಿದೆ. ಇವತ್ತು ಪಾಠಕ್ಕೆ ಹೋಗುವ ಪುಟ್ಟ ಮಕ್ಕಳು ‘ಶಕ್ತಿ ಸಹಿತ ಗಣಪತಿಂ’ ಹಾಡುತ್ತಾರಲ್ಲ, ಅದು ಬ್ಯಾಂಡಿನ ಮೊಮ್ಮಗು. ನಮ್ಮ ಆಸ್ಥಾನ ವಿದ್ವಾಂಸರಾಗಿದ್ದ ಮುತ್ತಯ್ಯ ಭಾಗವತರೂ ಒಂದು ‘ಇಂಗ್ಲಿಷ್ ನೋಟು’, ಅಂದರೆ ಪಾಶ್ಚಾತ್ಯ ಧಾಟಿಯ ರಚನೆ, ಮಾಡಿದ್ದಾರೆ. ಜಯಚಾಮರಾಜ ಒಡೆಯರಂತೂ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ಆ ಕಥೆ ಹಿಡಿದರೆ ಇವತ್ತು ಮುಗಿಯಲ್ಲ. ಅದೂ ಅಲ್ಲದೆ ಅದು ಒಳಮನೆಯ ಸಂಗೀತ, ನನ್ನ ವಿಷಯ ಬೀದಿ.

ಬೀದಿಯಲ್ಲಿ ಪುಕ್ಕಟೆ, ಹಬ್ಬದ ದಿನಗಳಲ್ಲಿ, ಬಯಲಲ್ಲಿ. ಇದನ್ನು ಬೇರೆ ಕಡೆ ಹೇಗೆ ಮಾಡಿದ್ದಾರೆ ಅಂತ ಎರಡು ಮೂರು ಉದಾಹರಣೆ ಹೇಳುತ್ತೇನೆ, ಬೇಗ ಬೇಗ.

ಆಸ್ಟ್ರೇಲಿಯಾದ ಮೆಲ್ಬರ್ನ್. ಅಲ್ಲಿ ಡಿಸೆಂಬರ್ ಅಂದರೆ ಬೇಸಿಗೆ. ನಾರ್ಮನ್ ಬ್ಯಾಂಕ್ಸ್ ಅನ್ನುವ ರೇಡಿಯೋ ನಿರೂಪಕ 1937ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ. ಒಂದು ಕಿಟಕಿಯಲ್ಲಿ ಒಬ್ಬ ವಯಸ್ಸಾದ ಹೆಂಗಸು ಮೇಣದ ಬತ್ತಿ ಹಚ್ಚಿಕೊಂಡು, ರೇಡಿಯೋದ ಕ್ಯಾರಲ್ ಜೊತೆ ತಾನೂ ಹಾಡುತ್ತಾ ಕೂತಿದ್ದರು. ಒಬ್ಬರೇ. ಅದು ಅವನ ತಲೆಯಲ್ಲಿ ಕೂತಿತು. ಮುಂದಿನ ವರ್ಷ, 1938ರಲ್ಲಿ, ಒಂದು ಉದ್ಯಾನದಲ್ಲಿ ಎಲ್ಲರೂ ಮೇಣದ ಬತ್ತಿ ಹಿಡಿದು ಹಾಡೋಣ ಬನ್ನಿ ಅಂತ ಕರೆದ. ಸುಮಾರು 10,000 ಜನ ಮಧ್ಯರಾತ್ರಿಗೆ ಬಂದರು. ಈಗ ಅದು ಟಿವಿಯಲ್ಲಿ ಬರುವ ದೊಡ್ಡ ಕಾರ್ಯಕ್ರಮ, ಟಿಕೆಟ್ ಇದೆ. ಟಿಕೆಟ್ಟಿನ ಹಣ ಒಳ್ಳೇ ಕೆಲಸಕ್ಕೇ ಹೋಗುತ್ತದೆ. ಆದರೂ ಆ ಕಿಟಕಿಯ ಅಜ್ಜಿ ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದರಾ ಅಂತ ನನಗೆ ಅನುಮಾನ.

ಇನ್ನೊಂದು ನನಗೆ ಬಹಳ ಹತ್ತಿರದ್ದು, ಯಾಕೆಂದರೆ ಅದು ನನ್ನಂಥ ಹಿಂದಿನ ಸಾಲಿನವರ ಹಬ್ಬ. ನ್ಯೂಯಾರ್ಕಿನಲ್ಲಿ ಹಾರ್ವೆ ಫಿಲಿಪ್ಸ್ ಅನ್ನುವ ಟ್ಯೂಬಾ (ಯುಫೋನಿಯಂನ ದೊಡ್ಡಣ್ಣ) ವಾದಕ 1974ರಲ್ಲಿ ರಾಕ್‌ಫೆಲರ್ ಪ್ಲಾಜಾದ ಐಸ್ ಮೈದಾನದಲ್ಲಿ ಸುಮಾರು 300 ಟ್ಯೂಬಾ, ಯುಫೋನಿಯಂ ವಾದಕರನ್ನು ಸೇರಿಸಿ ಕ್ಯಾರಲ್ ನುಡಿಸಿದ. ಬೇರೆ ವಾದ್ಯವೇ ಇಲ್ಲ! ಅವನ ಗುರು ವಿಲಿಯಂ ಬೆಲ್ 1902ರ ಕ್ರಿಸ್‌ಮಸ್ ದಿನ ಹುಟ್ಟಿದವರು, ಅವರ ನೆನಪಿಗೆ ಇದು. ಈಗ ಎಷ್ಟೋ ಊರುಗಳಲ್ಲಿ ಡಿಸೆಂಬರ್ ಬಂತೆಂದರೆ ಟ್ಯೂಬಾ ಕ್ರಿಸ್‌ಮಸ್ ನಡೆಯುತ್ತದೆ. ವಾದ್ಯ ಇದ್ದವರು ಯಾರು ಬೇಕಾದರೂ ತಂದು ಸೇರಿಕೊಳ್ಳಬಹುದು, ಶಾಲೆಯ ಹುಡುಗಿಯಿಂದ ಹಿಡಿದು ಎಂಬತ್ತರ ತಾತನವರೆಗೆ. ಮದುವೆ ಬ್ಯಾಂಡಿನಲ್ಲಿ ಟ್ರಂಪೆಟ್ಟಿನವನ ಮೇಲೆ ನೋಟು ಎಸೆಯುತ್ತಾರೆ, ಯುಫೋನಿಯಂ ಕಡೆ ಯಾರೂ ತಿರುಗಿಯೂ ನೋಡಲ್ಲ. ಅಪ್ಪನಿಗೆ ಈ ಕಥೆ ಹೇಳಬೇಕಿತ್ತು. ನನಗೆ ಗೊತ್ತಾಗುವಷ್ಟರಲ್ಲಿ ಅವರಿರಲಿಲ್ಲ.

ಮೂರನೆಯದು ಎಸ್ಟೋನಿಯಾ, ಚಿಕ್ಕ ದೇಶ. 1869ರಲ್ಲಿ ಟಾರ್ಟು ಊರಿನಲ್ಲಿ 800ಕ್ಕೂ ಹೆಚ್ಚು ಗಂಡಸರ ಗಾಯನ ತಂಡಗಳು, ಜೊತೆಗೆ ಹಿತ್ತಾಳೆ ಬ್ಯಾಂಡುಗಳು ಸೇರಿ ಹಾಡಿನ ಹಬ್ಬ ಮಾಡಿದವು. ಅಲ್ಲ, ತಪ್ಪು ಹೇಳಿದೆ, 800 ತಂಡ ಅಲ್ಲ, 800 ಗಂಡಸರು. ಈಗ ತಾಲಿನ್ ನಗರದಲ್ಲಿ ಸಾವಿರಾರು ಜನ ಒಟ್ಟಿಗೆ ಹಾಡುವುದಕ್ಕೆ ಅಂತಲೇ ಒಂದು ಮೈದಾನವಿದೆ. ಅಲ್ಲಿ ಹಾಡುವವರ ತಲೆಯ ಮೇಲೆ ದೊಡ್ಡ ಕಮಾನು ಕಟ್ಟಿದ್ದಾರೆ, ಚಿಪ್ಪಿನ ಆಕಾರ. ಮೇಲಕ್ಕೆ ಹೋಗಿ ಹಾಳಾಗುವ ದನಿಯನ್ನು ಅದು ಜನರ ಕಡೆ ತಿರುಗಿಸುತ್ತದೆ. ಚರ್ಚಿನ ಗೋಡೆಯಿಂದ ಒಂದು ತುಂಡನ್ನು ಬಯಲಿಗೆ ತಂದಿಟ್ಟ ಹಾಗೆ. ನಮಗೆ ಅಂಥ ಕಮಾನು ಬೇಕಾಗಿಲ್ಲ. ಒಂದು ಒಳ್ಳೇ ಕಾಂಪೌಂಡ್ ಗೋಡೆ ಸಾಕು.

ನನ್ನ ಬಾಲ್ಯದಲ್ಲಿ ಅಪ್ಪನ ಸೆಟ್ಟಿನಲ್ಲಿ ಹದಿನಾಲ್ಕು ಜನ ಇದ್ದರು. ಆಮೇಲೆ ಕೀಬೋರ್ಡ್ ಗಾಡಿ ಬಂತು. ನೋಡಿರುತ್ತೀರಿ, ಬಣ್ಣದ ಲೈಟು, ಜನರೇಟರು, ಎರಡು ದೊಡ್ಡ ಸ್ಪೀಕರು, ತಳ್ಳುವುದಕ್ಕೆ ಇಬ್ಬರು. ಸ್ಪೀಕರ್ ಬಂದ ಮೇಲೆ ಹದಿನಾಲ್ಕು ಜನ ಯಾಕೆ? ಹತ್ತಾದರು, ಏಳಾದರು. ಮೊದಲು ಹೋಗಿದ್ದು ಕೆಳಗಿನ ಸ್ವರದವರು. ಅಪ್ಪನನ್ನು ಉಳಿಸಿಕೊಂಡಿದ್ದು ಯೂನಿಫಾರಂ ಅವರಿಗೆ ಚೆನ್ನಾಗಿ ಕಾಣುತ್ತದೆ ಅನ್ನುವ ಕಾರಣಕ್ಕೆ. ಕೊನೆಕೊನೆಗೆ ಅವರು ಸುಮ್ನೆ ಹಿಡಿದುಕೊಂಡು ನಡೆಯುತ್ತಿದ್ದರು, ಊದಿದರೂ ಊದದಿದ್ದರೂ ಒಂದೇ. ಊಟ ಮಾತ್ರ ಮೊದಲಿನಿಂದಲೂ ಕೊನೆಯ ಪಂಕ್ತಿಯಲ್ಲೇ, ಎಷ್ಟೋ ಕಡೆ ಚೌಟರಿಯ ಹೊರಗೆ. ಮೈಕಿನ ಮೇಲೆ ನನಗೆ ಸಿಟ್ಟು ಜಾಸ್ತಿ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಇರಬಹುದು.

ಸರಿ, ಹಾಗಾದರೆ ನಾವು ಏನು ಮಾಡಿದೆವು ಅನ್ನುವುದು. ಹೋದ ಎರಡು ಡಿಸೆಂಬರಿನಲ್ಲಿ ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದ್ದೇವೆ. ಮಾಗಿ ಕಾಲ ಮೈಸೂರಿನಲ್ಲಿ ಮೊದಲಿಂದಲೂ ಬೀದಿ ಹಾಡಿನ ಕಾಲ, ನಾವು ಗಮನಿಸಿಲ್ಲ ಅಷ್ಟೇ. ಧನುರ್ಮಾಸದಲ್ಲಿ ಸೂರ್ಯ ಹುಟ್ಟುವ ಮೊದಲು ಭಜನೆ ಮಾಡುತ್ತಾ ಬೀದಿ ಸುತ್ತುವವರಿದ್ದಾರೆ, ದೇವಸ್ಥಾನದಲ್ಲಿ ಹುಗ್ಗಿ ಕೊಡುತ್ತಾರೆ. ಅದೇ ದಿನಗಳಲ್ಲಿ ರಾತ್ರಿ ಕ್ಯಾರಲ್ ಹಾಡುತ್ತಾ ಮನೆಮನೆಗೆ ಹೋಗುವವರಿದ್ದಾರೆ, ಅಲ್ಲಿ ಕೇಕು, ಕಲ್‌ಕಲ್ ಕೊಡುತ್ತಾರೆ. ಒಬ್ಬರದು ಬೆಳಗಿನ ಜಾವ, ಇನ್ನೊಬ್ಬರದು ರಾತ್ರಿ. ಇಬ್ಬರೂ ಒಂದೇ ಬೀದಿಯಲ್ಲಿ ಹಾಡಿದರೂ ಒಬ್ಬರು ಇನ್ನೊಬ್ಬರನ್ನು ಕೇಳಿರಲಿಲ್ಲ. ಡಿಸೆಂಬರ್ 31ರ ರಾತ್ರಿ ಅರಮನೆಯಲ್ಲಿ ಪೊಲೀಸ್ ಬ್ಯಾಂಡ್ ನುಡಿಸುತ್ತದೆ, ಹನ್ನೆರಡಕ್ಕೆ ಪಟಾಕಿ. ಮದುವೆ ಬ್ಯಾಂಡಿನವರಿಗೆ ಧನುರ್ಮಾಸದಲ್ಲಿ ಮದುವೆಗಳಿಲ್ಲ, ಕೆಲಸವಿಲ್ಲ, ಮನೆಯಲ್ಲಿ ಕೂತಿರುತ್ತಾರೆ. ಸಾಮಾನೆಲ್ಲ ಇದೆ, ಅಡುಗೆ ಮಾಡಿರಲಿಲ್ಲ.

ಭಜನೆ ಮಂಡಳಿಯವರು ಹನ್ನೆರಡು ಜನ, ಚರ್ಚಿನ ಕಾಯಿರ್ ಇಪ್ಪತ್ತು, ಮಂಡ್ಯ ಕಡೆಯ ಬ್ಯಾಂಡ್ ಸೆಟ್ಟಿನ ಒಂಬತ್ತು ಜನ. ಬ್ಯಾಂಡಿನವರಿಗೆ ದುಡ್ಡು ಕೊಟ್ಟೆವು. ಪುಕ್ಕಟೆ ಅನ್ನುವುದು ಕೇಳುವವರಿಗೆ, ನುಡಿಸುವವರಿಗಲ್ಲ. ಮೊದಲ ಜಗಳ ಶ್ರುತಿಗೆ. ಭಜನೆಯವರು ಒಂದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂ ಲೆಕ್ಕದಲ್ಲಿ ಸಿ, ಅಂದರು. ಬ್ಯಾಂಡಿನವರಿಗೆ ಅದು ಬೆರಳಿಗೆ ಹಿಂಸೆ, ಅವರ ವಾದ್ಯಗಳು ಹುಟ್ಟಿರುವುದೇ ಬಿ ಫ್ಲ್ಯಾಟ್, ಇ ಫ್ಲ್ಯಾಟ್ ಶ್ರುತಿಗಳಲ್ಲಿ. ಕೊನೆಗೆ ಎರಡೂವರೆ ಮನೆಗೆ ಒಪ್ಪಂದವಾಯಿತು, ಬ್ಯಾಂಡಿನವರ ಲೆಕ್ಕದಲ್ಲಿ ಅದು ಇ ಫ್ಲ್ಯಾಟ್. ಭಜನೆಯ ಹಿರಿಯರಿಗೆ ಮೇಲಿನ ಷಡ್ಜದ ಹತ್ತಿರ ಸ್ವಲ್ಪ ಕಷ್ಟವಾಯಿತು, ಆ ಜಾಗಗಳನ್ನು ಕಾಯಿರಿನ ಹುಡುಗಿಯರು ವಹಿಸಿಕೊಂಡರು.

ಎರಡನೇ ಜಗಳ ಮೈಕಿಗೆ. ಅದರಲ್ಲಿ ನಾನು ಗೆದ್ದೆ. ನೀರಿನ ಟ್ಯಾಂಕಿನ ಗೋಡೆಯ ಮುಂದೆ ಹಾಡುವವರನ್ನು ಅರ್ಧ ಚಂದ್ರಾಕಾರದಲ್ಲಿ ನಿಲ್ಲಿಸಿದೆವು, ಅಕ್ಕಪಕ್ಕದವರ ಭುಜ ತಾಗುವಷ್ಟು ಹತ್ತಿರ. ಬ್ಯಾಂಡನ್ನು ಅವರ ಹಿಂದೆ ಇಡಲಿಲ್ಲ, ಪಕ್ಕಕ್ಕೆ ಇಟ್ಟೆವು, ಇಲ್ಲದಿದ್ದರೆ ಟ್ರಂಪೆಟ್ಟಿನ ಬಾಯಿ ನೇರವಾಗಿ ಹಾಡುವವರ ಬೆನ್ನಿಗೆ. ನನ್ನ ಯುಫೋನಿಯಂ ಬಾಯಿ ಆಕಾಶ ನೋಡುತ್ತದೆ, ಬಯಲಲ್ಲಿ ಅರ್ಧ ಸದ್ದು ಹಕ್ಕಿಗಳಿಗೆ. ಅದಕ್ಕೆ ಒಂದು ಹೊಂಗೆ ಮರದ ಕೆಳಗೆ ನಿಂತೆ. ಏನೋ ಸ್ವಲ್ಪ ವಾಪಸ್ ಬಂತು ಅಂತ ನನಗೆ ಅನ್ನಿಸಿತು. ನಿಜವಾಗಿ ಬಂತೋ ಇಲ್ಲವೋ ಅಳತೆ ಮಾಡಿಲ್ಲ, ಎಲೆಗಳಿಂದ ಬರುವುದು ಕಷ್ಟ.

ಸಮಯ ಸಂಜೆ ಏಳು ಅಂತ ಹಟ ಹಿಡಿದೆ. ಅದಕ್ಕೂ ಕಾರಣ ಇದೆ. ಹಗಲಲ್ಲಿ ನೆಲದ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಆಗ ಶಬ್ದ ಮೇಲಕ್ಕೆ ಬಾಗುತ್ತದೆ, ದೂರದವರಿಗೆ ಕೇಳುವುದಿಲ್ಲ. ಮಾಗಿ ರಾತ್ರಿಗಳಲ್ಲಿ ಗಾಳಿ ಬೀಸದೆ ಆಕಾಶ ತಿಳಿಯಾಗಿದ್ದರೆ ನೆಲ ಬೇಗ ತಣ್ಣಗಾಗುತ್ತದೆ, ಲೆಕ್ಕ ಉಲ್ಟಾ ಆಗುತ್ತದೆ. ಶಬ್ದ ಕೆಳಕ್ಕೆ ಬಾಗಿ ನೆಲ ಹಿಡಿದುಕೊಂಡು ಹೋಗುತ್ತದೆ. ಡಿಸೆಂಬರಿನ ರಾತ್ರಿ ಮಲಗಿದಾಗ ದೂರದ ರೈಲಿನ ಸದ್ದು ಪಕ್ಕದ ಬೀದಿಯಲ್ಲೇ ಹೋದ ಹಾಗೆ ಕೇಳುತ್ತದಲ್ಲ, ಅದು ಇದೇ. ನಿಸರ್ಗವೇ ಪುಕ್ಕಟೆ ಸ್ಪೀಕರ್ ಕೊಡುತ್ತದೆ, ಚಳಿ ತಡೆದುಕೊಂಡರೆ. ಮೊದಲ ವರ್ಷ ಮೂರು ಬೀದಿ ಆಚೆಯ ಒಬ್ಬರು ಸ್ವೆಟರ್ ಹಾಕಿಕೊಂಡು ಹುಡುಕಿಕೊಂಡು ಬಂದರು, ಎಲ್ಲಿ ಸ್ವಾಮಿ ಸ್ಪೀಕರು, ಇಷ್ಟು ಚೆನ್ನಾಗಿ ಕೇಳ್ತಿದೆ ಅಂತ.

ಎಲ್ಲ ಚೆನ್ನಾಗಿತ್ತು ಅಂತಲ್ಲ. ಎರಡನೇ ವರ್ಷ ಗಾಳಿ ಬೀಸಿತು, ಸ್ವರದ ಹಾಳೆಗಳು ಹಾರಿಹೋದವು. ಬಟ್ಟೆ ಒಣಹಾಕುವ ಕ್ಲಿಪ್ ತರುವುದನ್ನು ಮರೆತಿದ್ದೆವು. ಒಂದು ಹಾಡಿನ ಮಧ್ಯೆ ಪಕ್ಕದ ಬೀದಿಯ ಯಾರದೋ ಹುಟ್ಟುಹಬ್ಬದ ಡಿಜೆ ಶುರುವಾಯಿತು, ಹದಿನೈದು ನಿಮಿಷ ಸುಮ್ಮನೆ ನಿಂತು ಬಾದಾಮಿ ಹಾಲು ಕುಡಿದೆವು. ಸಾಲಿಸ್‌ಬರಿಯ ಮೇಸ್ತ್ರಿ ನೆನಪಾದ. ಆದರೆ ಸ್ಪೀಕರನ್ನು ಮುಳುಗಿಸುವಷ್ಟು ಹಿತ್ತಾಳೆ ನಮ್ಮ ಹತ್ತಿರ ಇರಲಿಲ್ಲ.

ಕೊನೆಗೆ ಪ್ರಶ್ನೆಗಳು. ಒಬ್ಬರು ಕೇಳಿದರು, ಮೈಕ್ ಇಲ್ಲದಿದ್ದರೆ ಹಿಂದೆ ನಿಂತವರಿಗೆ ಅನ್ಯಾಯ ಅಲ್ವಾ ಅಂತ. ಅದಕ್ಕೆ ನನ್ನ ಉತ್ತರ, ಕುರ್ಚಿ ಹಾಕಬೇಡಿ. ಕುರ್ಚಿ ಹಾಕಿದರೆ ಮುಂದಿನವರು ಏಳುವುದಿಲ್ಲ. ನಿಂತಿದ್ದರೆ ಜನ ಓಡಾಡುತ್ತಾರೆ, ಬೇಕಾದವರು ಮುಂದೆ ಬರುತ್ತಾರೆ, ಸಾಕಾದವರು ಚುರುಮುರಿ ಕಡೆ ಹೋಗುತ್ತಾರೆ. ಮೊಣಕಾಲು ನೋವಿನವರಿಗೆ ಮಾತ್ರ ಒಂದು ಸಾಲು ಬೆಂಚು, ಎಲ್ಲಕ್ಕಿಂತ ಮುಂದೆ. ಹತ್ತು ಸಾವಿರ ಜನ ಬಂದರೆ ಏನು ಮಾಡುತ್ತೀರಿ ಅಂತ ಇನ್ನೊಬ್ಬರು ಕೇಳಿದರು. ಬಂದಾಗ ನೋಡೋಣ ಅಂದೆ. ಆಗ ಒಂದು ದೊಡ್ಡ ಮೈದಾನದ ಬದಲು ಇಪ್ಪತ್ತು ಸಣ್ಣ ಮೂಲೆಗಳಲ್ಲಿ ಮಾಡಬಹುದು, ಒಂದೊಂದು ಮೂಲೆಗೆ ಒಂದೊಂದು ತಂಡ.

ಟ್ರಂಪೆಟ್ ಕಲಿಯುತ್ತಿರುವ ಒಬ್ಬಳು ಹುಡುಗಿ ಬಂದಿದ್ದಳು, ಒಂಬತ್ತನೇ ಕ್ಲಾಸು. ಚಳಿಯಲ್ಲಿ ತುಟಿ ಮರಗಟ್ಟಿ ಮೊದಲ ಸ್ವರವೇ ಬರಲ್ಲ ಅಂಕಲ್, ಏನು ಮಾಡೋದು ಅಂದಳು. ಮೌತ್‌ಪೀಸ್ ಬಿಚ್ಚಿ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೋ ಅಂದೆ. ಅಪ್ಪ ಅದನ್ನು ಬನಿಯನ್ನಿನ ಒಳಗೆ, ಒಂದು ಸಣ್ಣ ಬಟ್ಟೆ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಒಂದು ಮದುವೆಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಅದು ಎಲೆ ಅಡಿಕೆ ಚೀಲ ಅಂದುಕೊಂಡು, ಒಂದು ಹೋಳು ಅಡಿಕೆ ಕೊಡಪ್ಪ ಅಂತ ಕೈ ಚಾಚಿದರಂತೆ. ಅಪ್ಪ ಮೌತ್‌ಪೀಸ್ ತೆಗೆದು ಅವರ ಅಂಗೈ ಮೇಲೆ ಇಟ್ಟರು. ಅಬ್ಬಾ, ಎಷ್ಟು ಬೆಚ್ಚಗಿದೆಯಲ್ಲೋ ಅಂದರಂತೆ ಅವರು, ಸ್ವಲ್ಪ ಹೊತ್ತು ಹಾಗೇ ಮುಷ್ಟಿ ಮುಚ್ಚಿಕೊಂಡು ಕೂತಿದ್ದು ಆಮೇಲೆ ವಾಪಸ್ ಕೊಟ್ಟರಂತೆ.